ಪಾಠವೆಲ್ಲ ಅವರಿಗೆ ಮಾತ್ರ ಯಾಕೆ?

ಈಗಷ್ಟೇ ಒಂದು ವಿಡಿಯೋ ನೋಡಿ ತಲೆ ಕೆಟ್ಟುಹೋಗಿದೆ. ಆಟಿಸಂ (ಜನರ ಜೊತೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿಯೇ ಹುಟ್ಟಿನಿಂದ ಬೇರೆಯಾಗಿರುವುದು) ಇರುವ ದೊಡ್ಡವರಿಗೆ ಸಂಬಂಧ ಉಳಿಸಿಕೊಳ್ಳುವುದು ಹೇಗೆ ಅಂತ ಹೇಳಿಕೊಡುವ ತರಬೇತಿ ಅದು. ಕಣ್ಣಲ್ಲಿ ಕಣ್ಣಿಟ್ಟು ನೋಡಿ. ನಗುತ್ತಾ ಮಾತಾಡಿ. ಕೈ ಅಲ್ಲಾಡಿಸಬೇಡಿ. ನಿಮಗಿಷ್ಟವಾದ ವಿಷಯವನ್ನೇ ಎಳೆಯಬೇಡಿ. ಶುರುವಿನಿಂದ ಕೊನೆವರೆಗೂ ಇದೇ. ಅವರ ಜೊತೆ ಬದುಕುವವರು ಏನು ಕಲಿಯಬೇಕು ಅಂತ ಒಂದೇ ಒಂದು ಮಾತಿಲ್ಲ.

ನನ್ನ ತಮ್ಮನ ವಿಷಯ ನಿಮಗೆಲ್ಲ ಗೊತ್ತು. ಅವನಿಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದೇ ಕೆಲಸಕ್ಕೆ ಸೇರಿದ ಮೇಲೆ. ಅಲ್ಲಿವರೆಗೆ ಈ ಪಾಠಗಳನ್ನೆಲ್ಲ ಅವನು ಯಾರೂ ಹೇಳಿಕೊಡದೆ ತಾನೇ ಕಲಿತಿದ್ದ. ಆಫೀಸಿನಲ್ಲಿ ಎಲ್ಲರ ಹಾಗೆ ನಗುತ್ತಿದ್ದ, ಹರಟುತ್ತಿದ್ದ. ಮನೆಗೆ ಬಂದರೆ ಲೈಟ್ ಆರಿಸಿ ಮಲಗಿಬಿಡುತ್ತಿದ್ದ. ಊಟಕ್ಕೂ ಏಳುತ್ತಿರಲಿಲ್ಲ. ಹೀಗೆ ತನ್ನತನ ಮುಚ್ಚಿಟ್ಟುಕೊಂಡು ಬದುಕುವುದಕ್ಕೆ ಮಾಸ್ಕಿಂಗ್ ಅಂತಾರೆ. ಇದಕ್ಕೂ ಆತ್ಮಹತ್ಯೆಯ ಯೋಚನೆಗಳಿಗೂ ನಂಟಿದೆ ಅಂತ 2018ರಲ್ಲೇ ಬ್ರಿಟನ್ನಿನ ಸಂಶೋಧಕರು ಬರೆದಿದ್ದಾರೆ. ಇಷ್ಟು ಗೊತ್ತಿದ್ದೂ ಅದನ್ನೇ ಇನ್ನೂ ಚೆನ್ನಾಗಿ ಮಾಡಿ ಅಂತ ಹೇಳಿಕೊಡುತ್ತಾರಲ್ಲ, ನನಗೆ ಸಿಟ್ಟು ಬರೋದು ಅಲ್ಲೇ.

ಡೇಮಿಯನ್ ಮಿಲ್ಟನ್ ಅಂತ ಒಬ್ಬ ಸಮಾಜಶಾಸ್ತ್ರಜ್ಞರಿದ್ದಾರೆ. ಅವರೂ ಆಟಿಸ್ಟಿಕ್. ಆಟಿಸಂ ಇರುವವರು, ಇಲ್ಲದವರು ಒಬ್ಬರಿಗೊಬ್ಬರು ಅರ್ಥವಾಗದಿದ್ದರೆ ಕೊರತೆ ಎರಡೂ ಕಡೆ ಇರುತ್ತದೆ ಅಂತ 2012ರಲ್ಲೇ ಬರೆದರು. 2020ರಲ್ಲಿ ಒಂದು ಪ್ರಯೋಗವೂ ನಡೆಯಿತು. ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಹೋಗಬೇಕು. ಬರೀ ಆಟಿಸ್ಟಿಕ್ ಜನರೇ ಇದ್ದ ಸಾಲು, ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ದಾಟಿಸಿತು. ಇವರಿಗೆ ಮಾತುಕತೆಯೇ ಬರಲ್ಲ ಅನ್ನುವವರು ಇದಕ್ಕೇನಂತಾರೆ?

ತಮ್ಮನ ಮನೆಯಲ್ಲಿ ನಾನು ಕಂಡಿದ್ದು ಹೇಳ್ತೀನಿ. ಗಂಡ ಹೆಂಡತಿ ಜಗಳ ಜೋರಾದರೆ ಅವನು ರೂಮಿಗೆ ಹೋಗುತ್ತಾನೆ. ಹೆಂಡತಿಯ ಫೋನಿಗೆ ಮೆಸೇಜ್ ಬರುತ್ತದೆ: "ಕೋಪ ಇಲ್ಲ. ಮಾತು ಬರ್ತಿಲ್ಲ. ಒಂದು ಗಂಟೆ ಬಿಟ್ಟು ಬರ್ತೀನಿ." ಹೇಳಿದ ಹಾಗೇ ಬರುತ್ತಾನೆ. ಆ ಒಂದು ಗಂಟೆ ಅವಳು ಬಾಗಿಲು ಬಡಿಯುವುದಿಲ್ಲ. ಅವಳೂ ಈಗ ಮುಖ ಊದಿಸಿಕೊಂಡು "ಏನಿಲ್ಲ ಬಿಡು" ಅನ್ನುವುದಿಲ್ಲ. "ನಂಗೆ ಬೇಜಾರಾಗಿದೆ, ದಾರಿ ಹೇಳೋದು ಬೇಡ, ಸುಮ್ನೆ ಕೇಳಿಸ್ಕೋ" ಅಂತ ನೇರವಾಗಿ ಹೇಳುತ್ತಾಳೆ. ಅವನು ಪಕ್ಕದಲ್ಲಿ ಕೂತು ಕೇಳುತ್ತಾನೆ. ನಾನು ನೋಡಿದ ಎಷ್ಟೋ ಸಂಸಾರಗಳಿಗಿಂತ ಇದು ಗಟ್ಟಿ.

"ಪ್ರಪಂಚ ಇವರಿಗೋಸ್ಕರ ಬದಲಾಗುತ್ತಾ? ಇವರೇ ಹೊಂದಿಕೊಂಡು ಹೋಗಬೇಕು" ಅನ್ನುತ್ತಾರೆ. ಹೊಂದಿಕೊಂಡು ಹೊಂದಿಕೊಂಡೇ ಅಲ್ವಾ ಅವರು ಸುಸ್ತಾಗಿರೋದು? ನಾನು ಪ್ರಪಂಚದ ಮಾತು ಆಡುತ್ತಿಲ್ಲ. ಗಂಡ, ಹೆಂಡತಿ, ಅಕ್ಕ, ಗೆಳೆಯ, ಪಕ್ಕದ ಟೇಬಲ್ಲಿನವರು. ಇಷ್ಟೇ ಜನ.

ಇನ್ನು ಕೌನ್ಸೆಲಿಂಗ್. ಒಂದು ಕಡೆ ತಮ್ಮನನ್ನು ಮತ್ತೆ ಮತ್ತೆ "ಈಗ ಏನನ್ನಿಸ್ತಿದೆ?" ಅಂತ ಕೇಳಿದರು. ಅವನು ಸುಮ್ಮನಿದ್ದ. ಸಹಕರಿಸುತ್ತಿಲ್ಲ ಅಂತ ಬರೆದು ಕಳಿಸಿದರು. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತಮಗೆ ಆಗುತ್ತಿರುವುದು ಭಯವೋ ದುಃಖವೋ ಸುಸ್ತೋ ಅಂತ ಗುರುತಿಸುವುದೇ ಕಷ್ಟ. ಅದನ್ನು ತಿಳಿದಿರಬೇಕಾದವರು ಯಾರು? ಈಗಿನ ಕೌನ್ಸೆಲರ್ ಪ್ರಶ್ನೆಗಳನ್ನು ಮೊದಲೇ ಕಳಿಸುತ್ತಾರೆ, ಅವನು ಬರೆದುಕೊಂಡು ಹೋಗುತ್ತಾನೆ. ಪುಟಗಟ್ಟಲೆ ಬರೆಯುತ್ತಾನೆ!

ನಮ್ಮನ್ನು ಮನೆಗೆ ಕರೆಯುವ ಸ್ನೇಹಿತರೇ, ನಿಮ್ಮಲ್ಲೊಂದು ಕೇಳಿಕೆ. ಯಾರ್ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಗಲಾಟೆ ಜಾಸ್ತಿಯಾದರೆ ಯಾವ ರೂಮಿನಲ್ಲಿ ಕೂರಬಹುದು ಅಂತ ಅವನಿಗೆ ಮೊದಲೇ ಒಂದು ಮೆಸೇಜ್ ಹಾಕಿ. ಮಧ್ಯದಲ್ಲಿ ಎದ್ದು ಹೊರಟರೆ ಕಾರಣ ಕೇಳಬೇಡಿ. ಬರಲ್ಲ ಅಂದರೂ ಮುಂದಿನ ಸಲ ದಯವಿಟ್ಟು ಮತ್ತೆ ಕರೆಯಿರಿ.