ಹಿಮದ ಉಂಡೆ, ಚಿಕ್ಕಪ್ಪ, ನಾನು

ಚಳಿ ಒಂಚೂರು ಜಾಸ್ತಿಯಾದರೆ ಸಾಕು, ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪನ ಮೆಸೇಜು ಬಿತ್ತು ಅಂತಲೇ ಲೆಕ್ಕ. "ಎಲ್ರಪ್ಪಾ ನಿಮ್ಮ ಗ್ಲೋಬಲ್ ವಾರ್ಮಿಂಗು? ಎರಡು ರಗ್ಗು ಹೊದ್ದು ಕೂತಿದೀನಿ." ಕೆಳಗೆ ಸಾಲಾಗಿ ನಗುವ ಇಮೋಜಿಗಳು. ನಾನೂ ಒಂದು ಒತ್ತಿ ಸುಮ್ಮನಾಗ್ತೀನಿ.

ಚಿಕ್ಕಪ್ಪನಿಗೆ ದೊಡ್ಡವರ ಸಾಥ್ ಇದೆ ಬಿಡಿ. 2015ರ ಫೆಬ್ರವರಿಯಲ್ಲಿ ಅಮೆರಿಕದ ಸೆನೆಟರ್ ಜೇಮ್ಸ್ ಇನ್‌ಹೋಫ್ ಚೀಲದಲ್ಲಿ ಹಿಮದ ಉಂಡೆ ಹಿಡಿದುಕೊಂಡು ಸೆನೆಟ್‌ಗೇ ಬಂದಿದ್ದರು. ಹೊರಗೆ ಎಷ್ಟು ಚಳಿ ನೋಡಿ ಅಂತ ಹೇಳಿ ಅದನ್ನು ಸದನದೊಳಗೇ ಎಸೆದರು. ಅದರ ಹಿಂದಿನ ವರ್ಷ, 2014, ಅಲ್ಲಿಯವರೆಗೆ ದಾಖಲಾದ ವರ್ಷಗಳಲ್ಲೆಲ್ಲ ಹೆಚ್ಚು ಬಿಸಿಯಾದದ್ದು. ಆ ದಾಖಲೆಯನ್ನು ಹಿಮದುಂಡೆಯ ವರ್ಷವೇ ಮುರಿಯಿತು. ಆಮೇಲೆ 2016, 2023, 2024. ಈ ಕೊನೆಯ ವರ್ಷದಲ್ಲಂತೂ ಭೂಮಿಯ ಸರಾಸರಿ, ಕೈಗಾರಿಕಾ ಯುಗಕ್ಕಿಂತ ಮುಂಚಿನದಕ್ಕೆ ಹೋಲಿಸಿದರೆ, ಸುಮಾರು 1.55 ಡಿಗ್ರಿ ಮೇಲಿತ್ತು.

ನಗೋದು ಸುಲಭ. ಆದರೆ ನಾನೂ ಬಹಳ ವರ್ಷ ಅನುಮಾನಿಸಿದವನೇ, ಮುಚ್ಚಿಡೋದ್ಯಾಕೆ. ಹಿಮದುಂಡೆಯಂಥ ಅನುಮಾನ ಅಲ್ಲ, ಲೆಕ್ಕದ ಅನುಮಾನ. ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಇರೋದು ಶೇಕಡಾ 0.04. ಹತ್ತು ಸಾವಿರ ಅಣುಗಳಲ್ಲಿ ನಾಲ್ಕು! ಈ ನಾಲ್ಕು ಜನ ಸೇರಿ ಇಡೀ ಭೂಮಿ ಕಾಯಿಸ್ತಾರಾ?

ಉತ್ತರ ಸಿಕ್ಕಿದ್ದು ಉಳಿದವರ ಕಡೆ ನೋಡಿದಾಗ. ಒಣ ಗಾಳಿಯ ಹತ್ತು ಸಾವಿರದಲ್ಲಿ ಒಂಬತ್ತು ಸಾವಿರದ ಒಂಬೈನೂರಕ್ಕೂ ಹೆಚ್ಚು ನೈಟ್ರೋಜನ್, ಆಕ್ಸಿಜನ್, ಆರ್ಗಾನ್. ನೆಲದಿಂದ ಮೇಲೇಳುವ ಶಾಖದ ಕಿರಣ ಇವುಗಳ ನಡುವೆ, ಬಾಗಿಲೇ ಇಲ್ಲದ ಮನೆಯಲ್ಲಿ ಓಡಾಡಿದ ಹಾಗೆ, ಆರಾಮಾಗಿ ಹಾದು ಹೋಗುತ್ತೆ. ತಡೆಯೋದು ನೀರಾವಿ ಮತ್ತು ಈ ಬೆರಳೆಣಿಕೆಯ ಮಂದಿ ಮಾತ್ರ. ಅವರೂ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಕಲ್ಲಿದ್ದಲು, ಎಣ್ಣೆ ಸುಡಲು ಶುರು ಮಾಡುವ ಮುಂಚೆ ಡೈ ಆಕ್ಸೈಡು ಹತ್ತು ಲಕ್ಷಕ್ಕೆ 280 ಇತ್ತು. ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ ಸುಮಾರು 315. ಈಗ 420 ದಾಟಿದೆ. ನಾಲ್ಕೇ ಜನ ಅಂತ ನಾನು ನಕ್ಕಿದ್ದೆ. ಕಾವಲಿಗೆ ಇದ್ದವರ ಸಂಖ್ಯೆ ಒಂದೂವರೆ ಪಟ್ಟಾಯಿತು ಅನ್ನೋದು ತಲೆಗೆ ಹೊಳೆದಿರಲಿಲ್ಲ.

ಇದೇನು ನಿನ್ನೆ ಮೊನ್ನೆಯ ವಿಜ್ಞಾನವೂ ಅಲ್ಲ. 1856ರಲ್ಲಿ ಯೂನಿಸ್ ಫೂಟ್ ಎಂಬ ಹೆಂಗಸು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಒಳಗೆ ಥರ್ಮಾಮೀಟರ್ ಇಟ್ಟು, ಬಿಸಿಲಿಗಿಟ್ಟು ನೋಡಿದರು. ಡೈ ಆಕ್ಸೈಡ್ ತುಂಬಿದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾಯಿತು. ನೆರಳಿಗೆ ತಂದಮೇಲೂ ಬೇಗ ಆರಲೇ ಇಲ್ಲ.

ಇಷ್ಟು ಹೇಳಿದರೆ ಚಿಕ್ಕಪ್ಪ ಮುಂದಿನ ಗುಂಡು ಹಾರಿಸ್ತಾರೆ. "ಸೂರ್ಯ ಒಬ್ಬ ಇದಾನಲ್ಲೋ ಮಾರಾಯ, ಅವನೇನು ಕಡಿಮೆನಾ?" ಒಳ್ಳೆ ಪ್ರಶ್ನೆ, ನಿಜವಾಗಿ. ಸೂರ್ಯನೇ ಹೆಚ್ಚು ಕಾಯಿಸುತ್ತಿದ್ದರೆ ವಾಯುಮಂಡಲ ಕೆಳಗಿಂದ ಮೇಲಿನ ತನಕ ಬಿಸಿಯಾಗಬೇಕು. ಆಗಿರೋದು ಹಾಗಲ್ಲ. ನಾವಿರುವ ಕೆಳಗಿನ ಪದರ ಬಿಸಿಯಾಗ್ತಿದೆ, ಅದರ ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗ್ತಿದೆ. ಡೈ ಆಕ್ಸೈಡ್ ಹೆಚ್ಚಾದರೆ ಹೀಗೇ ಆಗುತ್ತೆ ಅಂತ ಹವಾಮಾನ ವಿಜ್ಞಾನಿಗಳಾದ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. (ಮನಾಬೆಗೆ ನೊಬೆಲ್ ಬಂದದ್ದು 2021ರಲ್ಲಿ. ಬದುಕಿದ್ದರು, ಪುಣ್ಯ.) ಇನ್ನು ಸೂರ್ಯನ ಪ್ರಖರತೆಯನ್ನು 1970ರ ದಶಕದ ಕೊನೆಯಿಂದ ಉಪಗ್ರಹಗಳು ಅಳೆಯುತ್ತಲೇ ಇವೆ; ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ, ಒಟ್ಟಾರೆ ಏರಿದ್ದು ಕಾಣೆ.

ಚಿಕ್ಕಪ್ಪ ಓದಿದವರು, ಇಂಜಿನಿಯರ್. ಓದಿದವರು ಅನುಮಾನ ಪಟ್ಟರೆ ಇದೇ ಕಷ್ಟ, ವಾದ ಗಟ್ಟಿಯಾಗಿರುತ್ತೆ. ಹಾಗಂತ ಇಂಜಿನಿಯರುಗಳನ್ನು ದೂರುವ ಹಾಗೂ ಇಲ್ಲ. 1938ರಲ್ಲಿ ಭೂಮಿ ಬಿಸಿಯಾಗ್ತಿದೆ, ಡೈ ಆಕ್ಸೈಡೇ ಕಾರಣ ಅಂತ ಕೂಡಿಸಿ ಕಳೆದು ತೋರಿಸಿದ ಗೈ ಕ್ಯಾಲೆಂಡರ್ ಕೂಡ ಉಗಿಯ ಇಂಜಿನಿಯರ್. ಆಗ ತಲೆಯಲ್ಲಾಡಿಸಿ ಅನುಮಾನ ಪಟ್ಟವರು ಹವಾಮಾನ ತಜ್ಞರು!

ನನಗೆ ಅನುಮಾನದ ಮೇಲೆ ಸಿಟ್ಟಿಲ್ಲ. ಉತ್ತರ ಬಂದಮೇಲೆ ಏನು ಮಾಡ್ತೀರಿ ಅನ್ನೋದೇ ನನ್ನ ತಕರಾರು. ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ತಾಪಮಾನದ ದಾಖಲೆಗಳನ್ನೇ ನಂಬದವರು. ತಾವೇ ತಂಡ ಕಟ್ಟಿ ಎಲ್ಲಾ ಅಂಕಿಅಂಶ ಮೊದಲಿಂದ ಜಾಲಾಡಿದರು. ಅದಕ್ಕೆ ಒಂದು ಪಾಲು ದುಡ್ಡು ಬಂದದ್ದು ಎಣ್ಣೆ ಉದ್ಯಮಿ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನದಿಂದ. 2012ರಲ್ಲಿ ಮುಲ್ಲರ್ ಬಹಿರಂಗವಾಗಿ ಬರೆದರು: ನಾನು ಮನಸ್ಸು ಬದಲಿಸಿದ್ದೇನೆ, ಕಾರಣ ಹೆಚ್ಚುಕಡಿಮೆ ಪೂರ್ತಿ ಮನುಷ್ಯರೇ. ಅದೇ ಕೆಲಸ ನಡೀತಿದ್ದಾಗ ಆ್ಯಂಟನಿ ವಾಟ್ಸ್ ಎಂಬ ಇನ್ನೊಬ್ಬ ಹೆಸರಾಂತ ಸಂಶಯವಾದಿ, ಫಲಿತಾಂಶ ಏನೇ ಬರಲಿ ಒಪ್ಪಲು ಸಿದ್ಧ ಅಂತ ಬರೆದಿದ್ದರು. ಬಂತು. ಒಪ್ಪಲಿಲ್ಲ.

ಇನ್ನು ಕೆಲವರದ್ದು ಅನುಮಾನವೇ ಅಲ್ಲ, ಸರಕು. ಎಕ್ಸಾನ್ ಎಂಬ ಎಣ್ಣೆ ಕಂಪನಿಯ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ 1977ರಲ್ಲೇ ತಮ್ಮ ಮೇಲಧಿಕಾರಿಗಳಿಗೆ ಈ ವಿಷಯ ಬಿಡಿಸಿ ಹೇಳಿದ್ದರು. ಅದೇ ಕಂಪನಿ ಆಮೇಲೆ ವರ್ಷಗಟ್ಟಲೆ ಜನರ ಮುಂದೆ "ಇನ್ನೂ ಖಚಿತವಿಲ್ಲ" ಅನ್ನುವ ಹಾಡು ಹಾಡಿತು. ಅವರ ಬಗ್ಗೆ ಇಲ್ಲಿ ಇಷ್ಟೇ ಸಾಕು.

ನನ್ನನ್ನು ಹೆಚ್ಚು ಕಾಡಿದ್ದು 2024ರಲ್ಲಿ ಪ್ರಕಟವಾದ, 125 ದೇಶಗಳ ಸುಮಾರು 1,30,000 ಜನರನ್ನು ಕೇಳಿದ ಒಂದು ಸಮೀಕ್ಷೆ. ತಿಂಗಳ ಆದಾಯದಲ್ಲಿ ಶೇಕಡಾ ಒಂದನ್ನು ಭೂಮಿ ಬಿಸಿಯಾಗೋದನ್ನು ತಡೆಯೋಕೆ ಕೊಡ್ತೀರಾ ಅಂದಾಗ ನೂರಕ್ಕೆ 69 ಮಂದಿ ಹೂಂ ಅಂದರು. ನಿಮ್ಮ ದೇಶದಲ್ಲಿ ಬೇರೆಯವರು ಎಷ್ಟು ಜನ ಕೊಟ್ಟಾರು ಅಂದಾಗ ಅವರ ಅಂದಾಜು 43. ಅಂದರೆ ಪ್ರತಿಯೊಬ್ಬನಿಗೂ ತಾನೊಬ್ಬನೇ ಕಾಳಜಿಯವನು, ಪಕ್ಕದವನು ನಂಬದವನು ಅನ್ನೋ ಭ್ರಮೆ.

ಕಳೆದ ಸಲ ಚಿಕ್ಕಪ್ಪನ ರಗ್ಗಿನ ಮೆಸೇಜಿಗೆ ಇಮೋಜಿ ಒತ್ತದೆ, ಸ್ಟ್ರಾಟೋಸ್ಫಿಯರ್ ಕಥೆಯನ್ನು ನಾಲ್ಕು ಸಾಲು ಬರೆದು ಹಾಕಿದೆ. ಗುಂಪು ಗಪ್‌ಚಿಪ್. ಚಿಕ್ಕಪ್ಪ "ಓದ್ತೀನಿ ತಡಿ" ಅಂದರು, ಅಷ್ಟೇ. ರಾತ್ರಿ ಅತ್ತಿಗೆ ಪ್ರತ್ಯೇಕವಾಗಿ ಮೆಸೇಜು ಕಳಿಸಿದರು, ಒಳ್ಳೆ ಕೆಲಸ ಮಾಡಿದ್ರಿ ಅಂತ. ಸ್ವಲ್ಪ ಹೊತ್ತಿಗೆ ಇನ್ನಿಬ್ಬರದ್ದೂ ಬಂತು, ಅವೂ ಪ್ರತ್ಯೇಕವಾಗಿಯೇ. ಗುಂಪಲ್ಲೇ ಹಾಕಬಹುದಿತ್ತಲ್ಲ ಅತ್ತಿಗೆ ಅಂದೆ.

"ಎಲ್ರೂ ಅವರ ಕಡೆಗೇ ಇದಾರೆ ಅಂದ್ಕೊಂಡಿದ್ದೆ" ಅಂದರು.