ರೇಡಿಯೊದ ರಬ್ಬಿ ಮತ್ತು ಆ ಒಂದು ಪತ್ರ

ಬಿಬಿಸಿ ರೇಡಿಯೊ 4ರಲ್ಲಿ ಬೆಳಗಿನ ಸುದ್ದಿಗಳ ನಡುವೆ, ಏಳೂ ಮುಕ್ಕಾಲಿನ ಹೊತ್ತಿಗೆ, ಮೂರು ನಿಮಿಷದೊಳಗೆ ಮುಗಿಯುವ ಒಂದು ಮಾತು ಬರುತ್ತದೆ. ‘ಥಾಟ್ ಫಾರ್ ದ ಡೇ’ ಅಂತ ಹೆಸರು. 1970ರಿಂದ ನಡೆದು ಬಂದಿದೆ. ಆಕಾಶವಾಣಿಯ ‘ಚಿಂತನ’ ಕೇಳಿ ಬೆಳೆದವರಿಗೆ ಇದರ ಜಾಡು ಹೊಸದೇನಲ್ಲ. ಬೇರೆ ಬೇರೆ ಧರ್ಮದವರು ಸರದಿಯ ಮೇಲೆ ಬಂದು ಮಾತಾಡುತ್ತಾರೆ. (ನಾಸ್ತಿಕರನ್ನು ಮಾತ್ರ ಹೊರಗಿಟ್ಟಿದ್ದಾರೆ. ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ.) ಅಲ್ಲಿ ವರ್ಷಗಟ್ಟಲೆ ಕೇಳಿಬಂದ ದನಿ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಜೊನಾಥನ್ ಸ್ಯಾಕ್ಸ್ ಅವರದು. 1991ರಿಂದ 2013ರವರೆಗೆ ಬ್ರಿಟನ್ನಿನ ಮುಖ್ಯ ರಬ್ಬಿಯಾಗಿದ್ದರು. 2020ರ ನವೆಂಬರಿನಲ್ಲಿ ತೀರಿಕೊಂಡರು.

ಅವರ ಮಾತುಗಳ ಮೇಲೆ ನನಗೆ ತುಂಬ ಗೌರವ. ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರದಲ್ಲಿ, ಪ್ರವಚನ ಕೇಳಲು ಕೂತವರು ಮೊದಲೇ ಒಪ್ಪಿ ಬಂದವರು. ರೇಡಿಯೊದ ಆ ಬದಿಯಲ್ಲಿ ಇರುವವರು ಯಾರೋ ಏನೋ. ಬ್ರಿಟನ್ನಿನಲ್ಲಿ ನೂರಕ್ಕೆ ಒಬ್ಬರೂ ಯಹೂದಿಗಳಿಲ್ಲ. ‘ನಮ್ಮ ಶಾಸ್ತ್ರದಲ್ಲಿ ಹೀಗಿದೆ’ ಅಂದುಬಿಟ್ಟರೆ ಅಲ್ಲಿ ನಡೆಯುವುದಿಲ್ಲ, ಯಾಕೆ ಅಂತ ಹೇಳಬೇಕು. ಕೇಂಬ್ರಿಜ್‌ನಲ್ಲಿ ತತ್ವಶಾಸ್ತ್ರ ಓದಿದ್ದ ಸ್ಯಾಕ್ಸ್ ಆ ಶಿಸ್ತಿಗೆ ಮನಸಾರೆ ಒಗ್ಗಿಕೊಂಡರು. ಲಾಭ ಇರುವಷ್ಟು ದಿನ ಉಳಿಯುವುದು ಒಪ್ಪಂದ, ಕಷ್ಟ ಬಂದಾಗಲೂ ಕೈಬಿಡದೆ ಉಳಿಯುವುದು ಒಡಂಬಡಿಕೆ. ಮಾರುಕಟ್ಟೆ, ಸರ್ಕಾರ ಎರಡೂ ಮೊದಲನೆಯದನ್ನಷ್ಟೇ ಕೊಡಬಲ್ಲವು. ಎರಡನೆಯದು ಮನೆಯಲ್ಲಿ, ನೆರೆಹೊರೆಯಲ್ಲಿ, ಕೂಡಿ ಪ್ರಾರ್ಥಿಸುವ ಜಾಗದಲ್ಲಿ ಹುಟ್ಟಬೇಕು. ಅವರು ಮತ್ತೆ ಮತ್ತೆ ಹೇಳಿದ್ದು ಇದನ್ನೇ. ಬಿಬಿಸಿ ಪ್ರತಿ ವರ್ಷ ಏರ್ಪಡಿಸುವ ರೀತ್ ಉಪನ್ಯಾಸಗಳಲ್ಲಿ 1990ರಲ್ಲಿ ಶುರುವಾದ ಈ ವಿಚಾರಸರಣಿ, 2018ರಲ್ಲಿ ಅದೇ ರೇಡಿಯೊಗೆ ಮಾಡಿದ ನೈತಿಕತೆಯ ಕುರಿತ ಐದು ಕಂತುಗಳವರೆಗೂ ಮುಂದುವರಿಯಿತು. ಸರಿ ತಪ್ಪುಗಳ ವಿಚಾರವನ್ನು ನಾವು ಮಾರುಕಟ್ಟೆಗೂ ಸರ್ಕಾರಕ್ಕೂ ಹೊರಗುತ್ತಿಗೆ ಕೊಟ್ಟುಬಿಟ್ಟಿದ್ದೇವೆ ಅನ್ನುವುದು ಅಲ್ಲಿ ಅವರ ದೂರು. ಆ ಕಂತುಗಳಲ್ಲಿ ಮೈಕೆಲ್ ಸ್ಯಾಂಡೆಲ್, ರಾಬರ್ಟ್ ಪಟ್ನಮ್‌ರಂಥ ವಿದ್ವಾಂಸರನ್ನು ಮಾತಾಡಿಸಿ, ಅವರ ಮಾತನ್ನು ಶಾಲಾ ಮಕ್ಕಳ ಮುಂದಿಟ್ಟು, ಆ ಮಕ್ಕಳು ಹೇಳಿದ್ದನ್ನೂ ಅಷ್ಟೇ ಗಮನವಿಟ್ಟು ಕೇಳಿಸಿಕೊಂಡರು.

ಅವರು ಪದೇ ಪದೇ ಎತ್ತುತ್ತಿದ್ದ ಇನ್ನೊಂದು ಮಾತಿದೆ. ನೆರೆಯವನನ್ನು ಪ್ರೀತಿಸು ಎಂದು ಯಹೂದಿ ಧರ್ಮಗ್ರಂಥ ಒಂದು ಸಲ ಹೇಳಿದರೆ, ಪರದೇಶಿಯನ್ನು ಪ್ರೀತಿಸು ಎಂದು 36 ಕಡೆ ಹೇಳುತ್ತದೆ ಅನ್ನುವುದು ಆ ಮಾತು. ನಮ್ಮಂತಿಲ್ಲದವನಲ್ಲೂ ದೇವರ ಬಿಂಬ ಕಾಣಬೇಕು ಅನ್ನುವುದು ಅದರ ತಾತ್ಪರ್ಯ. ಇಷ್ಟು ಹೇಳಿದ ಮೇಲೆ ಹ್ಯೂಗೊ ಗ್ರಿನ್ ವಿಷಯ ಹೇಳದೆ ಇರಲಾರೆ.

ಗ್ರಿನ್ ಕೂಡ ರೇಡಿಯೊದ ರಬ್ಬಿ. ‘ಮಾರಲ್ ಮೇಜ್’ ಅನ್ನುವ ಚರ್ಚೆಯಲ್ಲಿ ಎಲ್ಲರಿಗೂ ಪ್ರಿಯವಾದ ದನಿ. 1930ರಲ್ಲಿ, ಈಗ ಉಕ್ರೇನಿಗೆ ಸೇರಿದ ಊರೊಂದರಲ್ಲಿ ಹುಟ್ಟಿ, ಹದಿಹರೆಯದಲ್ಲಿ ಆಶ್‌ವಿಟ್ಜ್ ಎಂಬ ನಾಜಿ ಸಾವಿನ ಶಿಬಿರ ಕಂಡವರು. ರಬ್ಬಿಯಾಗಿ ಮೊದಲು ಕೆಲಸ ಮಾಡಿದ್ದು ನಮ್ಮ ಬೊಂಬಾಯಿಯಲ್ಲಿ. ಅವರು ಹೇಳುತ್ತಿದ್ದ ಒಂದು ಘಟನೆ: ನಾಜಿ ಶಿಬಿರದಲ್ಲಿ ಹನುಕ್ಕಾ ಎಂಬ ಯಹೂದಿಗಳ ದೀಪದ ಹಬ್ಬದ ದಿನ, ಹೊಟ್ಟೆಗೆ ಸಾಲದ ಮಾರ್ಗರೀನನ್ನು (ಬೆಣ್ಣೆಯ ಬದಲಿಗೆ ಬಳಸುವ ಜಿಡ್ಡು) ಅಪ್ಪ ದೀಪಕ್ಕೆ ಬಳಸಿದರು. ಮಗ ಸಿಟ್ಟಾದ. ಅನ್ನವಿಲ್ಲದೆ ಮೂರು ವಾರ ಬದುಕಿರಬಹುದು, ಭರವಸೆಯಿಲ್ಲದೆ ಮೂರು ನಿಮಿಷವೂ ನೆಟ್ಟಗೆ ಬದುಕಲಾಗದು ಅಂದರು ಅಪ್ಪ. ಮಾರ್ಗರೀನ್ ಉರಿಯುವುದಿಲ್ಲ, ಆ ದೀಪ ಹತ್ತಲೂ ಇಲ್ಲ.

1996ರಲ್ಲಿ ಗ್ರಿನ್ ತೀರಿಕೊಂಡರು. ಅವರು ಹಳೆಯ ಕಟ್ಟಳೆಗಳನ್ನು ಕಾಲಕ್ಕೆ ತಕ್ಕಂತೆ ಬದಲಿಸಿಕೊಂಡ ರಿಫಾರ್ಮ್ ಪಂಥದವರು, ಸ್ಯಾಕ್ಸ್ ಸಾಂಪ್ರದಾಯಿಕರು. ಸ್ಯಾಕ್ಸ್ ಅಂತ್ಯಕ್ರಿಯೆಗೆ ಹೋಗಲಿಲ್ಲ. ಆಮೇಲಿನ ಸ್ಮರಣಸಭೆಗೆ ಹೋದರು, ಅದಕ್ಕೆ ಕಟ್ಟಾ ಸಂಪ್ರದಾಯಸ್ಥ ಹಿರಿಯರೊಬ್ಬರಿಗೆ ಹೀಬ್ರೂವಿನಲ್ಲಿ ಪತ್ರ ಬರೆದು ಸಮಜಾಯಿಷಿ ಕೊಟ್ಟರು. 1997ರಲ್ಲಿ ಆ ಪತ್ರ ಸೋರಿ ‘ಜ್ಯೂಯಿಶ್ ಕ್ರಾನಿಕಲ್’ ಪತ್ರಿಕೆಯಲ್ಲಿ ಅಚ್ಚಾಯಿತು. ಗ್ರಿನ್ ನಂಬಿಕೆಯನ್ನು ನಾಶಮಾಡುವವರ ಗುಂಪಿನವರು ಎಂಬ ಮಾತು ಅದರಲ್ಲಿತ್ತು.

ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ಅವರ ಮೇಲಿದ್ದ ಒತ್ತಡ ಅರ್ಥವಾಗದೆ ಇಲ್ಲ. ಒಂದು ಕಡೆ ವಾಲಿದರೆ ಇನ್ನೊಂದು ಕಡೆ ಒಡೆಯುವ ಸಮುದಾಯದ ಮುಖ್ಯಸ್ಥರು ಅವರು. ಆದರೂ ಒಪ್ಪಲಾರೆ. ದೂರದ ಪರಕೀಯನನ್ನು ಪ್ರೀತಿಸುವುದಕ್ಕೆ 36 ಆಧಾರ ಸಿಕ್ಕವು. ಅದೇ ಗ್ರಂಥ ಓದುವ, ನಾಜಿಗಳ ಬೆಂಕಿಯಿಂದ ಪಾರಾಗಿ ಬಂದ, ಪಂಥದಲ್ಲಷ್ಟೇ ಬೇರೆಯಾದವನಿಗೆ ಒಂದೂ ಸಿಗಲಿಲ್ಲವೇ? ದಾಯಾದಿ ಜಗಳ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನೀತಿಯ ಮಾತಿಗೆ ನಿಜವಾದ ಪರೀಕ್ಷೆ ಎದುರಾಗುವುದೂ ಅಲ್ಲೇ.

ಸ್ಯಾಕ್ಸ್ ಹೇಳಿದ್ದೆಲ್ಲ ಸುಳ್ಳು ಎಂದು ಇದರಿಂದ ಆಗುವುದಿಲ್ಲ. ಆದರೆ ಅವರ ಭಾಷಣದ ತುಣುಕುಗಳನ್ನು ಇಂದು ಹಂಚುವವರು ಆ ಪತ್ರವನ್ನು ಸಣ್ಣ ಕಲೆ ಎಂಬಂತೆ ಒರೆಸಿಹಾಕಬಾರದು.

ಇನ್ನೊಂದು ಸಂಗತಿ ಇದೆ. ಅದೇ ಮೂರು ನಿಮಿಷದ ಜಾಗದಲ್ಲಿ ಲಯನೆಲ್ ಬ್ಲೂ ಎಂಬ ರಿಫಾರ್ಮ್ ರಬ್ಬಿಯೂ ದಶಕಗಳ ಕಾಲ ಮಾತಾಡಿದರು, ಅಡುಗೆ, ನಗೆಚಟಾಕಿ, ಒಂಟಿತನ ಎಲ್ಲ ಬೆರೆಸಿ. ತಾನು ಸಲಿಂಗಿ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದವರು. 2012ರಲ್ಲಿ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡುವ ಪ್ರಸ್ತಾಪ ಬಂದಾಗ ಸ್ಯಾಕ್ಸ್ ಮುಖ್ಯಸ್ಥರಾಗಿದ್ದ ಯಹೂದಿ ಧಾರ್ಮಿಕ ನ್ಯಾಯಪೀಠ ವಿರೋಧಿಸಿತು. ಸ್ಯಾಕ್ಸ್ ಪಂಥದ ಸಿನಗಾಗಿನಲ್ಲಿ ಬ್ಲೂ ಅವರಿಗೆ ಪ್ರವಚನದ ಪೀಠ ಸಿಗುತ್ತಿರಲಿಲ್ಲ. ಬಿಬಿಸಿಯಲ್ಲಿ ಮಾತ್ರ ಇಬ್ಬರಿಗೂ ಅದೇ ಮೈಕು, ಅಷ್ಟೇ ನಿಮಿಷ.