ಪ್ರಯೋಗ ಮುಗಿದ ಮೇಲೆ ಲ್ಯಾಬಿನ ನಾಯಿಗಳು ಎಲ್ಲಿಗೆ ಹೋಗಬೇಕು?

ಪ್ರಾಣಿಗಳ ಮೇಲಿನ ಪ್ರಯೋಗದ ಬಗ್ಗೆ ನೀವು ಬರೆದ ಲೇಖನ ಓದಿದೆ. ಬದಲಿ ದಾರಿ ಹುಡುಕಿ, ಪ್ರಾಣಿಗಳ ಸಂಖ್ಯೆ ಇಳಿಸಿ, ನೋವು ತಗ್ಗಿಸಿ ಅಂತ 1959ರಲ್ಲಿ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ ಹೇಳಿದ ಮೂರು ಸೂತ್ರಗಳನ್ನು ಅದರಲ್ಲಿ ಚೆನ್ನಾಗಿ ವಿವರಿಸಿದ್ದೀರಿ. ಆದರೆ ನಮ್ಮ ದೇಶದಲ್ಲಿ ನಾಲ್ಕನೆಯದೂ ಇದೆ ಅಲ್ವಾ, ಪ್ರಯೋಗ ಮುಗಿದ ಪ್ರಾಣಿಗಳ ಪುನರ್ವಸತಿ? ಅದನ್ನು ಯಾಕೆ ಬಿಟ್ಟಿರಿ?

ಔಷಧ ಪರೀಕ್ಷೆಗೆ ಬೀಗಲ್ ನಾಯಿಗಳನ್ನೇ ಜಾಸ್ತಿ ಆರಿಸುತ್ತಾರೆ. ಅವು ತುಂಬಾ ಸಾಧು, ಅದಕ್ಕೇ. ಗೂಡಿನಲ್ಲೇ ಬೆಳೆದ ನಾಯಿ ಹೊರಗೆ ಬಂದಾಗ ಹುಲ್ಲಿನ ಮೇಲೆ ಕಾಲಿಡೋಕೂ ಹೆದರುತ್ತದೆ. ಮೆಟ್ಟಿಲು ಹತ್ತೋದು ಗೊತ್ತಿರುವುದಿಲ್ಲ. ಬೆಂಗಳೂರಿನಲ್ಲಿ ಇಂಥ ಎಷ್ಟೋ ಬೀಗಲ್‌ಗಳಿಗೆ ಮನೆ ಸಿಕ್ಕಿದೆ, ಸಂತೋಷ. ಆದರೆ ಎಲ್ಲವನ್ನೂ ಸ್ವಯಂಸೇವಕರ ತಲೆಗೆ ಕಟ್ಟೋದು ಸರಿಯಲ್ಲ. ಪ್ರಯೋಗದ ನಂತರದ ಆರೈಕೆಯ ಖರ್ಚು ಸಂಶೋಧನೆಯ ವೆಚ್ಚದಲ್ಲೇ ಸೇರಬೇಕು ಅಂತ ಪ್ರಾಣಿ ಪ್ರಯೋಗದ ಸರ್ಕಾರಿ ಮಾರ್ಗಸೂಚಿಯಲ್ಲೇ ಇದೆ. ಅದಕ್ಕೆ ದುಡ್ಡು ತೋರಿಸದ ಅರ್ಜಿಗೆ, ಪ್ರಯೋಗ ಸರಿಯೋ ಅಲ್ಲವೋ ಅಂತ ನೋಡುವ ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಡಲೇಬಾರದು.